ಘಟ್ಟ ಇಳಿಯುವ ಮೊದಲು

ಫೋನ್ ಗಂಟೆಗೆ ಹೆದರುವ ನನಗೆ ಫೋನಿನ ಮುಂದೆ ಕೂರುವ ಕೆಲಸವೇ ಸಿಕ್ಕಿತು. ತೊಂಬತ್ತರ ದಶಕದ ನಡುವಿನ ಮಾತು. ಶಿರಸಿಯ ಕೆಲವು ವ್ಯಾಪಾರಸ್ಥರು ಕೂಡಿ ನಡೆಸುತ್ತಿದ್ದ ಸೇವಾ ಸಮಿತಿಯೊಂದಕ್ಕೆ ಮೂರು ಅಂಬ್ಯುಲೆನ್ಸುಗಳಿದ್ದವು. ಶಿರಸಿಯಲ್ಲಿ ಒಂದು, ಸಿದ್ದಾಪುರದಲ್ಲಿ ಒಂದು, ಯಲ್ಲಾಪುರದಲ್ಲಿ ಒಂದು. ನಾನು ಅಲ್ಲಿ ಸೇರಿದ್ದು ಪತ್ರ ಟೈಪು ಮಾಡುವುದಕ್ಕೆ. ಮೊದಲಿದ್ದ ವ್ಯವಸ್ಥಾಪಕರು ಬಿಟ್ಟುಹೋದರು, ಬೇರೆಯವರು ಯಾರೂ ಬರಲಿಲ್ಲ, ಒಂದು ತಿಂಗಳೊಳಗೆ ಮೂರೂ ಗಾಡಿಗಳು ನನ್ನ ತಲೆಯ ಮೇಲೆ ಬಂದವು. ಅದಕ್ಕೂ ಮೊದಲು ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸಿದ್ದರಿಂದ ಊರಿಗೆಲ್ಲ ನಾನು ಅಕ್ಕೋರು. ಡ್ರೈವರುಗಳೂ ಹಾಗೆಯೇ ಕರೆದರು.

ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಇತ್ತು. ಯಾವ ಗಾಡಿ ಎಲ್ಲಿದೆ ಎಂದು ಅದರಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದೆ. ಬರೆದದ್ದು ನಿಜವೋ ಅಲ್ಲವೋ ಎಂದು ತಿಳಿಯಲು ಡ್ರೈವರನು ದಾರಿಯಲ್ಲಿ ಎಲ್ಲಾದರೂ ಎಸ್‌ಟಿಡಿ ಬೂತು ಹುಡುಕಿ ಫೋನು ಮಾಡಬೇಕು. ಅಲ್ಲಿಯವರೆಗೆ ಗಾಡಿ ಶಿರಸಿಯಿಂದ ಹೊರಟಿತು ಅನ್ನುವುದಷ್ಟೇ ಗೊತ್ತು. ಫೋನು ರಿಂಗಾದ ಕೂಡಲೇ, ಅದನ್ನು ಎತ್ತುವ ಮೊದಲು, ಹಲಗೆಯ ಕಡೆ ನೋಡುತ್ತಿದ್ದೆ. ಗಾಡಿ ಇಲ್ಲ ಎಂದು ಹೇಳಬೇಕಾಗಿ ಬಂದರೆ ಏನು ಮಾಡಲಿ ಎನ್ನುವುದೇ ಭಯ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಯೋಚನೆ. ಒಂದು ದಿನ ನನ್ನ ಗಂಡ ನೋಡಲಾರದೆ ಹೇಳಿದರು: "ಇಷ್ಟ್ ಹೆದ್ರಿಕೆ ಆದ್ರೆ ಬಿಟ್ಟಿಕ್ಕಿ ಬಾ. ಯಾರೂ ಬೇಡ ಹೇಳ್ತ್ವಿಲ್ಲೆ."

"ಆನು ಬಿಟ್ರೆ ಫೋನ್ ಎತ್ತದು ಯಾರು?" ಎಂದೆ. ಅದು ಧೈರ್ಯದ ಮಾತಲ್ಲ. ಬಿಟ್ಟ ಮೇಲೆ ಯಾರೂ ಎತ್ತದ ಆ ಫೋನು ರಿಂಗಾಗುತ್ತಲೇ ಇರುತ್ತದೆ ಎಂಬ ಕಲ್ಪನೆ ಇನ್ನೂ ಹೆಚ್ಚು ಹೆದರಿಸುತ್ತಿತ್ತು.

ನಾನು ಹೇಳಹೊರಟಿರುವ ದಿನ ಚಳಿಗಾಲದ್ದು, ಅಡಿಕೆ ಗೊನೆಗಳನ್ನು, ನಮ್ಮ ಕಡೆ ಕೊನೆ ಎನ್ನುತ್ತೇವೆ, ಮರ ಹತ್ತಿ ಕೊಯ್ಯುವ ದಿನಗಳದ್ದು. ಆ ಕಾಲ ಬಂತೆಂದರೆ ಮರದಿಂದ ಬಿದ್ದವರ ಕರೆ ಬಂದೇ ಬರುತ್ತಿತ್ತು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಆಸ್ಪತ್ರೆಯಿಂದ ಡಾಕ್ಟರರೇ ಫೋನು ಮಾಡಿದರು. ಭೈರುಂಬೆ ಕಡೆಯ ತೋಟವೊಂದರಲ್ಲಿ ಕೊನೆ ಕೊಯ್ಯಲು ಹತ್ತಿದ್ದವನು ಬಿದ್ದಿದ್ದಾನೆ, ಇನ್ನೂ ಮೂವತ್ತು ದಾಟದ ಆಳು, ಬೆನ್ನುಮೂಳೆಗೆ ಪೆಟ್ಟು, ಕಾಲಿಗೆ ಚುಚ್ಚಿದರೂ ಗೊತ್ತಾಗುವುದಿಲ್ಲ.

"ಘಟ್ಟದ ಕೆಳಗೆ ದೊಡ್ಡ ಆಸ್ಪತ್ರೆಗೇ ಹೋಗಬೇಕು," ಎಂದರು. "ಹಲಗೆಗೆ ಕಟ್ಟಿ ಮಲಗಿಸಿದ್ದೇನೆ. ಒಮ್ಮೆ ಗಾಡಿಗೆ ಹಾಕಿದ ಮೇಲೆ ಅಲ್ಲಿ ಮುಟ್ಟುವವರೆಗೆ ಅವನನ್ನು ಮತ್ತೆ ಎತ್ತಬಾರದು. ಗಾಡಿ ನಿಧಾನ ಹೋಗಲಿ, ಆದರೆ ಬೇಗ ಹೊರಡಲಿ."

ಗೋಡೆಯ ಕಪ್ಪು ಹಲಗೆ ನೋಡಿದೆ. ಸಿದ್ದಾಪುರದ ಗಾಡಿ ತ್ಯಾಗಲಿಯ ಬಸುರಿಯೊಬ್ಬಳನ್ನು ಕರೆದುಕೊಂಡು ಸಾಗರಕ್ಕೆ ಹೋಗಿತ್ತು. ಯಲ್ಲಾಪುರದ್ದು ನಂದೊಳ್ಳಿಯ ಎದೆನೋವಿನ ಮುದುಕರೊಬ್ಬರ ಜೊತೆ ಹುಬ್ಬಳ್ಳಿಯ ದಾರಿಯಲ್ಲಿತ್ತು. ಉಳಿದದ್ದು ಶಿರಸಿಯ ಗಾಡಿ. ಅದು ಗ್ಯಾರೇಜಿನಲ್ಲಿತ್ತು, ಮುಂದಿನ ಎಡಗಾಲಿ ಬಿಚ್ಚಿಕೊಂಡು.

ಗ್ಯಾರೇಜು ನಮ್ಮ ಆಫೀಸಿಗೆ ಎರಡು ಬೀದಿ ಆಚೆ. ಓಡಿಕೊಂಡೇ ಹೋದೆ. ಮೇಸ್ತ್ರಿ ನಮ್ಮ ಮೂರೂ ಗಾಡಿಗಳನ್ನು ಮೊದಲಿನಿಂದಲೂ ನೋಡಿಕೊಂಡು ಬಂದವರು. ತಂದೆಯ ಕಾಲದಿಂದ ಲಾರಿ ರಿಪೇರಿಯ ಮನೆತನ. ಮಾತು ಕಡಿಮೆ, ಕೈ ಶುದ್ಧ. ಬ್ರೇಕಿನ ರಬ್ಬರ್ ಪೈಪು ಹಳತಾಗಿ ಬಿರಿದಿತ್ತು, ಅದನ್ನು ಬದಲಾಯಿಸುತ್ತಿದ್ದರು.

"ಇನ್ನೆಷ್ಟು ಹೊತ್ತು?"

"ಒಂದು ತಾಸು ಕೊಡಿ ಅಕ್ಕೋರೆ. ಪೈಪು ಹಾಕಿ ಅದ್ರ ಒಳಗಿನ ಗಾಳಿ ತೆಗೀಬೇಕು, ಒಂದು ಸುತ್ತು ಓಡ್ಸಿ ಟ್ರಯಲ್ ನೋಡ್ಬೇಕು."

"ಒಂದು ತಾಸು ಇಲ್ಲ. ಬೆನ್ನು ಮುರಿದವನು ಹಲಗೆ ಮೇಲೆ ಮಲಗಿದ್ದಾನೆ."

"ಘಟ್ಟ ಇಳಿಯೂ ಗಾಡಿ ಅಲ್ವಾ ಇದು?"

"ಅದಕ್ಕೇ ಹೇಳುತ್ತಿರುವುದು. ಹತ್ತು ನಿಮಿಷದಲ್ಲಿ ಕೊಡಿ. ಟ್ರಯಲ್ ಆಸ್ಪತ್ರೆಯವರೆಗೆ ಹೋಗುವಾಗಲೇ ಆಗುತ್ತದೆ."

ಅವರು ನನ್ನ ಮುಖ ನೋಡಿದರು. ಕೆಳಗೆ ಬಾಗಿದರು. ನಾನು ಅಲ್ಲಿಯೇ ನಿಂತೆ. ನಿಂತಿದ್ದಷ್ಟೇ ಅಲ್ಲ, ಕೈಗಡಿಯಾರ ನೋಡುತ್ತ ಎರಡು ಸಲ "ಆಯಿತಾ?" ಎಂದು ಕೇಳಿದೆ. ಡ್ರೈವರ್ ಒಳಗೆ ಕೂತು ಬ್ರೇಕು ಒತ್ತಿ ಒತ್ತಿ ಬಿಟ್ಟ, ಇವರು ಗಾಳಿ ತೆಗೆದರು, ಗಾಲಿ ಏರಿಸಿದರು. ಡ್ರೈವರ್ ಅಂಗಳದಲ್ಲೇ ಹಿಂದೆ ಮುಂದೆ ಮಾಡಿ, "ಗಟ್ಟಿ ಹಿಡೀತದೆ," ಎಂದ. ಗಾಡಿ ಹೊರಟಿತು. ಹತ್ತು ಗಂಟೆಯೊಳಗೆ ಗಾಯಾಳು, ಅವನ ಹೆಂಡತಿ, ಅವನ ಅಣ್ಣ, ಡ್ರೈವರ್ ಇಷ್ಟು ಜನ ಕುಮಟಾ ರಸ್ತೆ ಹಿಡಿದದ್ದೂ ಆಯಿತು. ಆಫೀಸಿಗೆ ಬಂದು ಹಲಗೆಯ ಮೇಲೆ ಬರೆದೆ. ನನ್ನ ಬಗ್ಗೆ ನನಗೇ ಚೂರು ಹೆಮ್ಮೆಯೆನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಅರ್ಧ ತಾಸು ಕಳೆದಿರಬೇಕು. ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದರು. ಚಪ್ಪಲಿ ಇರಲಿಲ್ಲ. ಕೈ ಎಲ್ಲ ಕಪ್ಪು. ಅಂಗೈ ಬಿಚ್ಚಿ ತೋರಿಸಿದರು. ಅದರಲ್ಲಿ ಬೆರಳ ಉಂಗುರಕ್ಕಿಂತ ಸಣ್ಣದೊಂದು ತಾಮ್ರದ ಬಳೆ ಇತ್ತು.

"ಗಾಡಿ ಹೋಯ್ತಾ?"

"ಹೋಗಿ ಆಗಲೇ ಅರ್ಧ ತಾಸಾಯಿತು. ಯಾಕೆ?"

ಅವರು ಆ ಬಳೆಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸುತ್ತ ವಿವರಿಸಿದರು. ಪೈಪು ಗಾಲಿಗೆ ಕೂಡುವ ಜಾಗದಲ್ಲಿ ಇಂಥ ಎರಡು ವಾಷರ್ ಬರಬೇಕು, ಒಂದು ಆಚೆ, ಒಂದು ಈಚೆ. ಬ್ರೇಕ್ ಆಯಿಲ್ ಸೋರದ ಹಾಗೆ ಹಿಡಿಯುವುದು ಅವೇ. ಹೊಸ ಪೊಟ್ಟಣದಲ್ಲಿ ಎರಡಿದ್ದವು. ಈಗ ಬೆಂಚು ಒರೆಸುವಾಗ ಒಂದು ಅಲ್ಲೇ ಸಿಕ್ಕಿತು.

"ಹಾಗಾದರೆ ಆ ಜಾಗದಲ್ಲಿ ಏನಿದೆ?"

"ಹಳೇದು ಅಂಟಿಕೊಂಡು ಇದ್ದಿರ್ಬಹುದು. ಇಲ್ದೇನೂ ಇರ್ಬಹುದು. ನಂಗೆ ನೆನಪಾಗ್ತಾ ಇಲ್ಲ ಅಕ್ಕೋರೆ, ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಾ ಇಲ್ಲ."

"ಸೋರಿದರೆ?"

"ಸಪಾಟು ರಸ್ತೇಲಿ ಗೊತ್ತಾಗೂದಿಲ್ಲ. ಘಟ್ಟದಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಬೇಕಲ್ಲ. ಐದು, ಆರು ತಿರುವು. ಆಮೇಲೆ ಪೆಡಲ್ ನೆಲಕ್ಕೆ ಹೋಗ್ತದೆ."

ಕುಮಟಾ ದಾರಿಯ ದೇವಿಮನೆ ಘಟ್ಟವನ್ನು ನಾನು ಎಷ್ಟೋ ಸಲ ಬಸ್ಸಿನಲ್ಲಿ ಇಳಿದಿದ್ದೇನೆ. ಆ ಕ್ಷಣ ಅದರ ತಿರುವುಗಳೆಲ್ಲ ಒಟ್ಟಿಗೆ ಕಣ್ಣಿಗೆ ಬಂದವು, ಕೆಳಗಿನ ಕಾಡು ಸಹಿತ. ಆದರೂ ಹೇಳಿದೆ: "ನಿಮ್ಮ ಬೈಕ್ ತೆಗೆದುಕೊಂಡು ಹೋಗಿ. ವಾಷರ್, ಆಯಿಲ್, ಬೋಲ್ಟು ಬಿಚ್ಚುವ ಪಾನಾ ಎಲ್ಲ ತೆಗೆದುಕೊಂಡು. ನಾನು ಇಲ್ಲಿಂದ ನಿಲ್ಲಿಸಲು ನೋಡುತ್ತೇನೆ." ಅವರು ಓಡಿದರು. ಬರಿಗಾಲಲ್ಲೇ ಹೋದರೆಂದು ಆಮೇಲೆ ತಿಳಿಯಿತು.

ದಾರಿಯಲ್ಲಿ ಫೋನಿದ್ದ ಎರಡು ಅಂಗಡಿಗಳ ನಂಬರು ನನ್ನಲ್ಲಿತ್ತು. ಮೊದಲನೆಯದು ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ಎರಡನೆಯದನ್ನು ಎತ್ತಿದವರು ಸಮಾಧಾನದ ಮನುಷ್ಯ. "ಅಂಬ್ಯುಲೆನ್ಸಾ? ಈಗಷ್ಟೇ ಹೋಯ್ತಲ್ರ, ಸೈರನ್ ಹಾಕ್ಕೊಂಡು. ಏನ್ ಕೇಸು?" ಎಂದರು. ಫೋನು ಇಟ್ಟೆ. ಆ ಅಂಗಡಿಯಿಂದ ಘಟ್ಟದ ತಲೆಗೆ ಹೆಚ್ಚು ದೂರವಿಲ್ಲ. ಡಾಕ್ಟರರು ನಿಧಾನ ಹೋಗಲು ಹೇಳಿದ್ದರಿಂದ ಗಾಡಿ ಇನ್ನೂ ಮೇಲಿತ್ತು. ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ಘಟ್ಟ ಇಳಿಯಲು ಶುರುವಾಗಿರುತ್ತಿತ್ತು.

ಘಟ್ಟ ಇಳಿಯುವ ಮೊದಲು ಆಗ ಫಾರೆಸ್ಟಿನವರ ನಾಕೆ ಇತ್ತು. ನಾಟಾ, ಅಂದರೆ ಕಡಿದ ಮರ, ಸಾಗಿಸುವ ಲಾರಿ ತಪಾಸಣೆಗೆ ರಸ್ತೆಗಡ್ಡ ಒಂದು ಗೇಟು. ಅಲ್ಲಿ ಫೋನಿಲ್ಲ, ವೈರ್‌ಲೆಸ್ ಇದೆ. ಶಿರಸಿಯ ಫಾರೆಸ್ಟ್ ಆಫೀಸಿನಿಂದ ಮಾತಾಡಬಹುದು. ಆಫೀಸಿನ ಬಾಗಿಲು ಹಾಗೇ ತೆರೆದಿಟ್ಟು, ಫೋನನ್ನು ಅಷ್ಟಕ್ಕೇ ಬಿಟ್ಟು ಓಡಿದೆ. ಹಗಲು ಹೊತ್ತು ಆ ಫೋನಿನ ಹತ್ತಿರ ಯಾರೂ ಇಲ್ಲದೆ ಹೋದದ್ದು ಅದೇ ಮೊದಲು. ಸೀರೆಯ ನೆರಿಗೆ ಕೈಯಲ್ಲಿ ಎತ್ತಿ ಹಿಡಿದು ಪೇಟೆಯ ನಡುವೆ ಓಡುತ್ತಿದ್ದ ನನ್ನನ್ನು ಜನ ನಿಂತು ನೋಡುತ್ತಿದ್ದರು.

ವೈರ್‌ಲೆಸ್ ಕೋಣೆಯಲ್ಲಿ ನಿವೃತ್ತಿಯ ಅಂಚಿನ ಒಬ್ಬರು ಕೂತಿದ್ದರು. ಸಾಹೇಬರು ಟೂರ್ ಹೋಗಿದ್ದರು. ನಾನು ಹೇಳಿದ್ದೆಲ್ಲ ಕೇಳಿ ಅವರು, "ಇದು ಇಲಾಖೆ ಸೆಟ್ಟು ಅಮ್ಮ. ಹೊರಗಿನ ಮಾತಿಗೆ ಕೊಡೂ ಹಾಗಿಲ್ಲ," ಎಂದರು.

ಮೇಜಿನ ಅಂಚು ಹಿಡಿದ ನನ್ನ ಕೈ ನಡುಗಿ ಮೇಜಿನ ಮೇಲಿದ್ದ ಲೋಟ ಕಟಕಟ ಎನ್ನುತ್ತಿತ್ತು. ಅವರು ಆ ಲೋಟವನ್ನು ನೋಡಿದರು. ಸೆಟ್ಟು ಕೈಗೆ ತೆಗೆದುಕೊಂಡರು.

ಕರೆದರು. ಉತ್ತರವಿಲ್ಲ. ಮತ್ತೆ ಕರೆದರು. ಬರೀ ಗರಗರ ಸದ್ದು. "ಹೊರಗೆ ಗೇಟಲ್ಲಿ ಇರ್ತಾನೆ," ಎಂದರು. ಆಗ ನನಗೆ ಹೊಳೆಯಿತು. ಸೈರನ್ ಕೇಳಿದ ಕೂಡಲೇ ಗೇಟು ಎತ್ತಿಬಿಡಿ, ಗಾಡಿ ನಿಲ್ಲುವ ಹಾಗೆ ಮಾಡಬೇಡಿ ಎಂದು ಹಿಂದಿನ ವರ್ಷ ಇದೇ ಆಫೀಸಿಗೆ ಅರ್ಜಿ ಕೊಟ್ಟವಳು ನಾನೇ. ಅಂದಿನಿಂದ ನಾಕೆಯವರು ತಪ್ಪದೆ ಹಾಗೆಯೇ ಮಾಡುತ್ತಿದ್ದರು.

ಐದನೆಯ ಸಲವೋ ಆರನೆಯ ಸಲವೋ ಒಂದು ದನಿ ಬಂತು. ಗಾರ್ಡ್ ಹಾವೇರಿ ಕಡೆಯವನು. "ಹೇಳ್ರಿ ಸರ. ಸೈರನ್ ಕೇಳಾಕತ್ತಿತ್ರಿ, ಗೇಟ್ ಎತ್ತಿ ಬಂದೇನಿ."

"ಇಳಿಸು! ಗೇಟ್ ಇಳಿಸು, ಗಾಡಿ ನಿಲ್ಸು! ಬ್ರೇಕ್ ತೊಂದರೆ ಅದೆ!"

ಆ ಕಡೆ ಸೆಟ್ಟು ಮೇಜಿಗೆ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

ಆಗ ನನಗೆ ಇನ್ನೊಂದು ಯೋಚನೆ ಬಂತು. ಬ್ರೇಕು ಆಗಲೇ ಹೋಗಿದ್ದರೆ? ಎತ್ತಿದ ಗೇಟಿನಡಿ ದಾಟಿಹೋಗಬೇಕಾದ ಗಾಡಿಯ ಎದುರಿಗೆ ನಾನೇ ಮರದ ದಿಮ್ಮಿ ಇಳಿಸಿದ ಹಾಗಾಯಿತಲ್ಲ. ಡ್ರೈವರನ ಎದೆಯ ಎತ್ತರಕ್ಕೆ ಬರುವ ದಿಮ್ಮಿ. ಹಿಂದೆ ಹಲಗೆಗೆ ಕಟ್ಟಿಹಾಕಿದ ಮನುಷ್ಯ. ಬೇಡ ಎಂದು ಕೂಗೋಣವೆಂದರೆ ಆ ಕಡೆ ಕೇಳುವವರಿಲ್ಲ. ವೈರ್‌ಲೆಸ್‌ನವರೂ ನನ್ನ ಮುಖ ನೋಡಿದರು. ಅವರಿಗೂ ಅದೇ ಹೊಳೆದಿತ್ತು ಅನ್ನಿಸುತ್ತದೆ. ಎರಡು ನಿಮಿಷ ಕಳೆದವೋ ಹತ್ತೋ ನನಗೆ ಗೊತ್ತಿಲ್ಲ. ಅಂಗಳದಲ್ಲಿ ಯಾರೋ ನಗುತ್ತಿದ್ದರು. ಅವರಿಗೆ ಹೊಡೆಯಬೇಕೆನ್ನಿಸಿತು.

"ಸರ, ನಿಂತೈತ್ರಿ," ಎಂದಿತು ದನಿ. "ಗೇಟಿಗೆ ಒಂದು ಮಾರು ಅಂತರ ಉಳದೈತಿ. ಡ್ರೈವರ್ ನನಗ ಬಾಯಿಗೆ ಬಂದಂಗ ಬೈಯಾಕತ್ತಾನ್ರಿ."

ಅಷ್ಟರಲ್ಲಿ ಡ್ರೈವರನೇ ಸೆಟ್ಟಿಗೆ ಬಂದ.

"ಅಕ್ಕೋರೆ, ಎಂತಾ ಇದು? ಪೆಡ್ಲು ಚೂರು ಕೆಳಗ್ ಹೋಗ್ತದೆ ಹೌದು, ಆದ್ರೆ ಹಿಡೀತದೆ. ಇವ್ನ ಅಣ್ಣ ನನ್ ಕುತ್ತಿಗೆ ಹಿಡಿಯೂಕೆ ಬತ್ತಾ ಇದ್ದಾನೆ, ಗಾಡಿ ಬಿಡು ಅಂತ. ಹೆಂಡ್ತಿ ರಸ್ತೆ ಮೇಲೆ ಕೂತು ಅಳ್ತಾ ಇದ್ದಾಳೆ. ಹೋಗ್ಲಾ, ಬೇಡ್ವಾ? ನೀವೇ ಹೇಳಿ."

ಬೇರೆ ಗಾಡಿ ಕಳಿಸಿ ಅವನನ್ನು ಬದಲಾಯಿಸೋಣವೆಂದರೆ ಡಾಕ್ಟರರು ಎತ್ತಬಾರದು ಎಂದಿದ್ದಾರೆ. ಕಳಿಸಲು ಬೇರೆ ಗಾಡಿಯೂ ಇಲ್ಲ. ಹೋಗಲು ಹೇಳಿದರೆ ನಾಲ್ಕು ಜೀವ. ನಿಲ್ಲಲು ಹೇಳಿದರೆ ಆ ಒಬ್ಬನ ಬೆನ್ನು ಎಷ್ಟು ಹೊತ್ತು ತಡೆದೀತು ಎಂದು ನನಗೇನು ಗೊತ್ತು? ಹಳೆಯ ವಾಷರ್ ಅಲ್ಲೇ ಇದ್ದಿದ್ದರೆ, ಬ್ರೇಕು ಸರಿ ಇದ್ದಿದ್ದರೆ, ಅವನನ್ನು ಸುಮ್ಮನೆ ರಸ್ತೆಯಲ್ಲಿ ಮಲಗಿಸಿದ ಹಾಗಾಯಿತು.

"ನಿಲ್ಲಿ," ಎಂದೆ. "ಮೇಸ್ತ್ರಿ ಬರುತ್ತಿದ್ದಾರೆ. ಅವರು ನೋಡದೆ ಒಂದು ಹೆಜ್ಜೆ ಮುಂದೆ ಹೋಗಬೇಡಿ."

"ಇವ್ರಿಗೆ ಎಂತಾ ಹೇಳ್ಲಿ?"

ನಿಜ ಹೇಳಿ ಎನ್ನಬೇಕಿತ್ತು. "ನಾಕೆಯವರು ಬಿಡುತ್ತಿಲ್ಲ ಅನ್ನಿ," ಎಂದೆ. ಹೆದರಿದ ಬಾಯಿಂದ ಬಂದ ಮಾತು ಅದು.

ಅಲ್ಲಿಂದ ಮುಂದಿನ ಮುಕ್ಕಾಲು ತಾಸು ನಾನು ಆ ಕೋಣೆಯ ಗೋಡೆಗೆ ಒರಗಿ ಕಳೆದೆ. ವೈರ್‌ಲೆಸ್‌ನವರು ನೀರು ಕೊಟ್ಟರು. ಮೇಸ್ತ್ರಿ ಅವಸರದಲ್ಲಿ ಎಲ್ಲಾದರೂ ಬೈಕಿನಿಂದ ಬಿದ್ದರೆ ಎನ್ನುವುದೊಂದು ಹೊಸ ಹೆದರಿಕೆ. ನಡುನಡುವೆ ಗಾರ್ಡ್ ಕರೆದು, ಗಾಯಾಳು ಮಾತಾಡುತ್ತಿದ್ದಾನೆ, ನೀರು ಕೇಳುತ್ತಿದ್ದಾನೆ, ಅಣ್ಣ ಇನ್ನೂ ಬೈಯುತ್ತಿದ್ದಾನೆ ಎಂದು ತಿಳಿಸುತ್ತಿದ್ದ. ಕೊನೆಗೆ, "ಮೇಸ್ತ್ರಿ ಬಂದ್ರು," ಎಂದ.

ಅಲ್ಲಿ ನಡೆದದ್ದನ್ನು ಡ್ರೈವರ್ ಆಮೇಲೆ ವಿವರವಾಗಿ ಹೇಳಿದ. ಮೇಸ್ತ್ರಿ ಬಂದವರು ಯಾರ ಜೊತೆಯೂ ಮಾತಾಡದೆ ಮುಂದಿನ ಗಾಲಿಯ ಒಳಮೈಗೆ ಕೈ ಹಾಕಿದರು. ಕೈ ಹೊರಗೆ ಬಂದಾಗ ಮೊಣಕೈಯವರೆಗೆ ಆಯಿಲ್ ಇಳಿಯುತ್ತಿತ್ತು. ಟಯರಿನ ಒಳಬದಿ ಪೂರಾ ಒದ್ದೆ. ಡ್ರೈವರ್ ಅದನ್ನು ನೋಡಿದವನೇ ರಸ್ತೆ ಬದಿಗೆ ಹೋಗಿ ವಾಂತಿ ಮಾಡಿಕೊಂಡನಂತೆ. ಒಳಗೆ ಬೆನ್ನು ಮುರಿದವನಿದ್ದ ಕಾರಣ ಜಾಕಿ ಹಾಕಿ ಗಾಡಿ ಎತ್ತುವ ಹಾಗಿರಲಿಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಗಾಲಿಯ ಸಂದಿಯಲ್ಲಿ ಅಂಗಾತ ಮಲಗಿ, ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳಿನಿಂದಲೇ ತಡವಿ ವಾಷರ್ ಕೂರಿಸಿದರು. ಅಲ್ಲಿ ಹಳೆಯದೂ ಇರಲಿಲ್ಲ. ಗಾಳಿ ತೆಗೆದು, ಆಯಿಲ್ ತುಂಬಿ, ಡ್ರೈವರನಿಂದ ನೂರು ಸಲ ಬ್ರೇಕು ಒತ್ತಿಸಿ ನೋಡಿ, ಆಮೇಲೆ ತಾವೇ ಬೈಕಿನಲ್ಲಿ ಗಾಡಿಯ ಹಿಂದೆ ಹಿಂದೆ ಘಟ್ಟ ಪೂರ್ತಿ ಇಳಿದರು.

ಮಧ್ಯಾಹ್ನ ಒಂದರ ಮೇಲೆ ಕುಮಟಾದಿಂದ ಡ್ರೈವರನ ಫೋನು ಬಂತು. "ಇಳಿದೆವು ಅಕ್ಕೋರೆ," ಅಂದಷ್ಟೇ. ನಾನು ಆಗ ಆಫೀಸಿಗೆ ಮರಳಿದ್ದೆ. ನಾನಿಲ್ಲದಾಗ ನನ್ನ ಫೋನು ಎರಡು ಸಲ ಬಹಳ ಹೊತ್ತು ರಿಂಗಾಯಿತೆಂದು ಪಕ್ಕದ ಅಂಗಡಿಯವರು ಹೇಳಿದರು. ಯಾರು, ಎಲ್ಲಿಂದ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಸಮಿತಿಯ ಸಭೆ ಸೇರಿತು. ಹಿರಿಯರೊಬ್ಬರು ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದರು: "ತಪ್ಪು ಗ್ಯಾರೇಜಿನವಂದು ಹೇಳಿ ಬರದ್ರೆ ಮುಗತ್ತು. ನೀ ಎಂತಕ್ಕೆ ತಲೆ ಕೆಡಿಸ್ಕಳ್ತೆ?"

"ಅವ್ರು ಒಂದ್ ತಾಸು ಕೇಳಿದ್ರು. ಕೊಡ್ದೇ ಇದ್ದದ್ದು ಆನು," ಎಂದೆ. ಕೆಲಸದಿಂದ ತೆಗೆಯುತ್ತಾರೆಂದುಕೊಂಡಿದ್ದೆ, ತೆಗೆಯಲಿಲ್ಲ. ಟ್ರಯಲ್ ನೋಡದೆ ಗ್ಯಾರೇಜಿನಿಂದ ಗಾಡಿ ಹೊರಡಬಾರದು ಎಂದು ಅಂದೇ ಬರೆದು ಮೂರೂ ಊರಿಗೆ ಕಳಿಸಿದೆ.

ಮೇಸ್ತ್ರಿ ಮಾತ್ರ ನಮ್ಮ ಗಾಡಿಗಳನ್ನು ಮತ್ತೆ ಮುಟ್ಟಲಿಲ್ಲ. ನಾನೇ ಹೋಗಿ ಕೇಳಿಕೊಂಡೆ. "ನಿಮ್ ಮೇಲೆ ಸಿಟ್ಟಿಲ್ಲ ಅಕ್ಕೋರೆ," ಎಂದರು. "ಈ ಗಾಡಿ ಅಂಗಳಕ್ಕೆ ಬಂದ್ರೆ ನನ್ ಕೈ ನಡುಗ್ತದೆ. ನಡುಗೂ ಕೈಯಲ್ಲಿ ಬ್ರೇಕ್ ಕೆಲ್ಸ ಮಾಡಬಾರ್ದು."

ಗಾಯಾಳು ಬದುಕಿದ, ಆದರೆ ಎದ್ದು ನಿಲ್ಲಲಿಲ್ಲ ಎಂಬ ಸುದ್ದಿ ಕೆಲವು ತಿಂಗಳ ಮೇಲೆ ಬಂತು. ಆ ಒಂದು ತಾಸು ರಸ್ತೆಯಲ್ಲಿ ನಿಂತದ್ದರಿಂದಲೇ ಹೀಗಾಯಿತೇ? ಡಾಕ್ಟರರನ್ನು ಕೇಳಬಹುದಿತ್ತು, ಕೇಳಲಿಲ್ಲ. ಹೌದು ಅಂದುಬಿಟ್ಟರೆ ಎಂಬ ಹೆದರಿಕೆ. ಭೈರುಂಬೆಯ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದೆ. ಹೀಗೆ ಆರೇಳು ವರ್ಷ. ಡ್ರೈವರುಗಳ ಜೇಬಿಗೆ ಮೊಬೈಲು ಬಂತು, ಕಪ್ಪು ಹಲಗೆ ಗೋಡೆಯಿಂದ ಇಳಿಯಿತು. ಒಂದು ಭಾನುವಾರ, ಅಂದೇ ಯಾಕೆಂದು ನನಗೂ ಗೊತ್ತಿಲ್ಲ, ಆ ಬಸ್ಸು ಹತ್ತಿದೆ.

ಅವನು ಜಗಲಿಯ ಮೇಲೆ ಕಾಲು ಚಾಚಿ ಕೂತು ಅಡಿಕೆ ಸುಲಿಯುತ್ತಿದ್ದ. ನನ್ನ ಗುರುತು ಅವನಿಗಿರಲಿಲ್ಲ. ಯಾರೆಂದು ಹೇಳಿಕೊಂಡೆ. ಹೆಂಡತಿಯೂ ಬಂದು ಬಾಗಿಲಲ್ಲಿ ನಿಂತಳು. ನಡೆದದ್ದನ್ನು ಮೊದಲಿನಿಂದ ಹೇಳಿದೆ. ಅವಸರ ಮಾಡಿದ್ದು, ವಾಷರ್ ಉಳಿದದ್ದು, ಗೇಟು ಹಾಕಿಸಿದ್ದು, ಗಾರ್ಡಿನ ಮೇಲೆ ಹಾಕಿದ ಸುಳ್ಳು.

ಅವನು ಸುಲಿಯುವುದನ್ನು ನಿಲ್ಲಿಸಿದ. "ಹಂಗಾರೆ ಆ ಗಾರ್ಡಂದು ತಪ್ಪಿಲ್ಲ," ಎಂದ. "ಅವ್ನಿಗೆ ನಾವು ಇಷ್ಟು ವರ್ಷ ಶಾಪ ಹಾಕಿದ್ವಲ್ಲ ಅಕ್ಕೋರೆ. ನನ್ ಅಣ್ಣ ಸಾಯೂವರೆಗೂ ಬೈದ. ಈಗ ಎಲ್ಲಿದ್ದಾನೆ ಅವ?"

ವರ್ಗವಾಗಿ ಹೋಗಿದ್ದಾನೆ, ಎಲ್ಲಿಗೆಂದು ಗೊತ್ತಿಲ್ಲ ಎಂದೆ. ಕೇಳಬೇಕೆಂದು ಬಂದದ್ದನ್ನು ಕೊನೆಗೂ ಕೇಳಿದೆ, ಆ ತಾಸಿನಿಂದಲೇ ಕಾಲು ಹೋಯಿತೇ ಎಂದು.

"ಬಿದ್ದ ಕೂಡ್ಲೆ ಹೋಗಿತ್ತು," ಎಂದ. "ನೆಲದ ಮೇಲೆ ಬಿದ್ದವ ಕಾಲು ಮಡಚೂಕೆ ನೋಡಿದೆ, ಕಾಲೇ ಇರ್ಲಿಲ್ಲ. ಕೆಳಗಿನ ಡಾಕ್ಟ್ರೂ ಹಂಗೇ ಅಂದ್ರು."

ನಾನು ಹೊರಟಾಗ ಅವನ ಹೆಂಡತಿ ರಸ್ತೆಯವರೆಗೆ ಜೊತೆಗೆ ಬಂದಳು. ಬಸ್ಸು ಇನ್ನೂ ಬಂದಿರಲಿಲ್ಲ.

"ಡಾಕ್ಟ್ರು ಹಂಗೆ ಅಂದದ್ದು ಅವ್ರ ಎದುರಿಗೆ," ಎಂದಳು. "ನನ್ ಹತ್ರ, ಹೇಳೂಕೆ ಬರೂದಿಲ್ಲ ಅಂದ್ರು."

ಬಸ್ಸು ಬರುವ ದಾರಿಯತ್ತ ನೋಡಿ ಅವಳೇ ಮತ್ತೆ ಕೇಳಿದಳು.

"ನೀವು ನಿಲ್ಸದೇ ಇದ್ರೆ ನಾನೂ ಇರ್ತಿರ್ಲಿಲ್ಲ, ಅಲ್ವಾ?"

"ಇರುತ್ತಿರಲಿಲ್ಲ."

"ಇಷ್ಟು ವರ್ಷ ಯಾಕೆ ಬರ್ಲಿಲ್ಲ ಮತ್ತೆ?"

"ಹೆದರಿಕೆಯಾಗಿತ್ತು."

"ನಮಗಾ?" ಎಂದು ಅವಳು ನನ್ನನ್ನೇ ನೋಡಿದಳು. ತಿರುವಿನಲ್ಲಿ ಬಸ್ಸು ಕಾಣಿಸಿತು. ನಾನು ಕೈ ಎತ್ತುವ ಮೊದಲೇ ಅವಳು ರಸ್ತೆಗೆ ಇಳಿದು ಕೈ ಮಾಡಿ ನಿಲ್ಲಿಸಿದಳು.